ನಮ್ಮ ಸುತ್ತಣ ಪುಣ್ಯಸ್ಥಳಗಳು: ನೋಡುವ ಬಗೆ, ಓದುವ ಬಗೆ

ನಮ್ಮ ಭಾಗದ ಜನರು ಯಾತ್ರಾಪ್ರಿಯರು. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿತೆಂದರೆ ಎತ್ತಿನ ಗಾಡಿ ಹೂಡಿಕೊಂಡು ಜಾತ್ರೆಗೆ ಹೊರಡುತ್ತಿದ್ದ ಹಿರಿಯರ ಕಾಲ ಹಿಂದಾಗಿ, ಬಾಡಿಗೆಯ ಜೀಪು ಮತ್ತು ಎಸ್.ಟಿ. ಬಸ್ಸುಗಳ ಕಾಲ ಬಂದಿದ್ದರೂ ಆ ಉತ್ಸಾಹವೇನೂ ಕುಂದಿಲ್ಲ. ಕಾಶಿ, ರಾಮೇಶ್ವರ, ಶ್ರೀಶೈಲ, ತಿರುಪತಿಗಳನ್ನು ಕಂಡು ಬಂದವರು ಪ್ರತಿಯೊಂದು ಊರಿನಲ್ಲಿಯೂ ಸಿಗುತ್ತಾರೆ. ಶಾಲೆಯ ಪ್ರವಾಸವೆಂದರೂ ಹಂಪಿ, ಬಾದಾಮಿ, ಮೈಸೂರುಗಳೇ ಮೊದಲು ನೆನಪಿಗೆ ಬರುತ್ತವೆ. ಇವೆಲ್ಲ ನೋಡಲೇಬೇಕಾದ ಸ್ಥಳಗಳು, ಸಂದೇಹವಿಲ್ಲ. ಆದರೆ ಕರಜಗಿಯಿಂದ ಬುತ್ತಿ ಕಟ್ಟಿಕೊಂಡು ಹೊರಟು ಒಂದೆರಡು ದಿನಗಳಲ್ಲಿ ಮರಳಿ ಬರಬಹುದಾದ ದೂರದಲ್ಲಿ ಸಾವಿರ ವರ್ಷಗಳ ಇತಿಹಾಸವುಳ್ಳ ದೇಗುಲಗಳೂ ಗುಮ್ಮಟಗಳೂ ಶಿಲಾಶಾಸನಗಳೂ ಹರಡಿಕೊಂಡಿವೆ. ಅವುಗಳ ಮುಂದೆ ನಿಂತು ಕೈಮುಗಿದು, ಕಾಯಿ ಒಡೆಸಿ ಹಿಂದಿರುಗುವವರು ಬಹಳ. ಗೋಡೆಯ ಮೇಲೇನಿದೆ, ಬಾಗಿಲ ಪಕ್ಕದಲ್ಲಿ ಒರಗಿಸಿಟ್ಟ ಕಲ್ಲು ಏನು ಹೇಳುತ್ತದೆ ಎಂದು ವಿಚಾರಿಸುವವರು ವಿರಳ. ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅಂಥ ಕೆಲವು ಸ್ಥಳಗಳನ್ನು ಪರಿಚಯಿಸಿ, ಅವುಗಳನ್ನು ಹೇಗೆ ನೋಡಬೇಕೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ನಮ್ಮ ನೆಲದ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಜತ್ತ ತಾಲೂಕಿನ ಉತ್ತರಕ್ಕೆ ಮಂಗಳವೇಢೆಯ ಸೀಮೆ. ಪೂರ್ವ ಮತ್ತು ದಕ್ಷಿಣಗಳಿಗೆ ವಿಜಯಪುರ, ಅಥಣಿಗಳ ಸೀಮೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿಳಿಸುತ್ತದೆ. ಆ ಲೆಕ್ಕದಲ್ಲಿ ನಾವು ಅಂಚಿನವರಲ್ಲ, ನಡುವಿನವರು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚೂರಿಗಳು, ದೇವಗಿರಿಯ ಸೇವುಣರು ಅನುಕ್ರಮವಾಗಿ ಈ ಪ್ರದೇಶವನ್ನು ಆಳಿದರು. ಇವರೆಲ್ಲರೂ ಕನ್ನಡದಲ್ಲಿ ಶಾಸನ ಬರೆಯಿಸಿದವರೇ. ಆಮೇಲೆ ಬಹಮನಿಗಳು, ವಿಜಯಪುರದ ಆದಿಲಶಾಹಿಗಳು, ಮರಾಠರು ಬಂದರು. ಡಫಳೆ ಮನೆತನದ ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೆಸರಿನಿಂದ ಹುಟ್ಟಿದ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂದಿತು. 1956ರ ನವೆಂಬರ್ 1ರವರೆಗೆ ಜತ್ತವೂ ವಿಜಯಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು ಎಂಬುದನ್ನು ಇಂದಿನ ಮಕ್ಕಳು ಕೇಳಿದರೆ ಆಶ್ಚರ್ಯಪಡುತ್ತಾರೆ. ರಾಜ್ಯದ ಗಡಿ ಈಚಿನದು, ಕಲ್ಲುಗಳು ಹಿಂದಿನವು. ಆದುದರಿಂದ ಇಲ್ಲಿ ಹೇಳಹೊರಟ ಸ್ಥಳಗಳನ್ನು ರಾಜ್ಯವಾರು ವಿಂಗಡಿಸುವ ಗೊಡವೆಗೆ ನಾನು ಹೋಗಿಲ್ಲ.

ನಮ್ಮ ತಾಲೂಕಿನಲ್ಲಿಯೇ ಇರುವ ಗುಡ್ಡಾಪುರವನ್ನು ಮೊದಲು ಹೇಳಬೇಕು. ಹನ್ನೆರಡನೆಯ ಶತಮಾನದ ಶಿವಶರಣೆ ದಾನಮ್ಮನ ಕ್ಷೇತ್ರವಿದು. ಸಂಪ್ರದಾಯದ ಪ್ರಕಾರ ಈಕೆ ಹುಟ್ಟಿದ್ದು ಇದೇ ತಾಲೂಕಿನ ಉಮರಾಣಿಯಲ್ಲಿ. ತಂದೆತಾಯಿಗಳಿಟ್ಟ ಹೆಸರು ಲಿಂಗಮ್ಮ. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಸಾನ್ನಿಧ್ಯದಲ್ಲಿದ್ದು, ದಾಸೋಹನಿಷ್ಠೆಯಿಂದಾಗಿ ದಾನಮ್ಮ ಎಂದು ಕರೆಯಿಸಿಕೊಂಡಳೆಂದು ಪ್ರತೀತಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದ ಜಿಲ್ಲೆಗಳಿಂದ ಜನರು ದಿಂಡಿ ಕಟ್ಟಿಕೊಂಡು ನಡೆದೇ ಬರುತ್ತಾರೆ. ಆ ದಿನಗಳಲ್ಲಿ ದಾರಿಯ ಹಳ್ಳಿಗಳವರು ನಡೆದು ಬಂದವರಿಗೆ ರೊಟ್ಟಿ, ಪಲ್ಯ, ಸಜ್ಜಕ ನೀಡುವುದನ್ನು ನಾವೆಲ್ಲ ಕಂಡವರೇ. ಜಪಾನ್ ದೇಶದ ಶಿಕೋಕು ದ್ವೀಪದಲ್ಲಿ 88 ಬೌದ್ಧ ದೇಗುಲಗಳನ್ನು ಸುತ್ತಿಬರುವ ಒಂದು ಪಾದಯಾತ್ರೆಯಿದೆ. ಸುಮಾರು 1200 ಕಿಲೋಮೀಟರಿನ ದಾರಿ. ಅಲ್ಲಿಯೂ ಹಳ್ಳಿಗರು ಯಾತ್ರಿಕರಿಗೆ ಅನ್ನ, ಹಣ್ಣು, ಚಹ ಕೊಡುವುದನ್ನು ಪುಣ್ಯವೆಂದು ಭಾವಿಸುತ್ತಾರೆ. ದೇಶ ಯಾವುದಾದರೇನು, ನಡೆದವರ ಹಸಿವು ಒಂದೇ.

ಉಮರಾಣಿಗೆ ಹೋದವರು ಇನ್ನೊಂದು ಸಂಗತಿಯನ್ನೂ ನೆನೆಯಬಹುದು. 1673ರಲ್ಲಿ ಮರಾಠಾ ಸೇನಾಪತಿ ಪ್ರತಾಪರಾವ್ ಗುಜರನು ವಿಜಯಪುರದ ಸರದಾರ ಬಹಲೋಲ್ ಖಾನನ ಸೈನ್ಯಕ್ಕೆ ನೀರಿನ ದಾರಿಯನ್ನು ಕಟ್ಟಿ ಸೋಲಿಸಿದ್ದು ಇಲ್ಲಿಯೇ. ಶತ್ರುವನ್ನು ಬಿಟ್ಟುಕೊಟ್ಟನೆಂದು ಶಿವಾಜಿ ಮಹಾರಾಜರು ಸಿಟ್ಟಾದದ್ದೂ, ಮರುವರ್ಷ ನೇಸರಿಯಲ್ಲಿ ಪ್ರತಾಪರಾವನು ಮಡಿದದ್ದೂ ಮರಾಠಿ ಶಾಲೆಯ ಪುಸ್ತಕಗಳಲ್ಲಿ ಬರುತ್ತದೆ. ನೀರನ್ನು ಕಟ್ಟಿದರೆ ಸೈನ್ಯವೇ ಸೋಲುವಂಥ ನೆಲವಿದು ಎಂಬುದನ್ನು ಜತ್ತ ತಾಲೂಕಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಶಾಲೆಯ ಸಂಚಿಕೆಯೊಂದರಲ್ಲಿ ಬಿಡಲೇಬಾರದ ಊರು ಇಂಡಿ ತಾಲೂಕಿನ ಸಾಲೋಟಗಿ. ಇಲ್ಲಿ ದೊರೆತ ಕಂಬಶಾಸನವು ಕ್ರಿ.ಶ. 945ರದು; ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ಆತನ ಮಂತ್ರಿಯಾದ ನಾರಾಯಣನೆಂಬವನು ಅಂದು ಪಾವಿಟ್ಟಗೆ ಎನಿಸಿದ್ದ ಈ ಅಗ್ರಹಾರದಲ್ಲಿ ತ್ರೈಪುರುಷರಿಗೆ, ಎಂದರೆ ಬ್ರಹ್ಮ ವಿಷ್ಣು ಮಹೇಶ್ವರರಿಗೆ, ಮಂದಿರವನ್ನು ಕಟ್ಟಿಸಿ ಅದಕ್ಕೆ ಹೊಂದಿಕೊಂಡಂತೆ ವಿದ್ಯಾಶಾಲೆಯನ್ನು ನಡೆಯಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗಾಗಿ 27 ಮನೆಗಳು ಇದ್ದವು. ರಾತ್ರಿಯ ದೀಪದೆಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ಮುಖ್ಯ ಉಪಾಧ್ಯಾಯರ ಜೀವನಕ್ಕೆ 50 ನಿವರ್ತನ. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಊರಿನವರು ತಾವಾಗಿ ಒಪ್ಪಿಕೊಂಡ ಕಟ್ಟಳೆ: ಮನೆಯಲ್ಲಿ ಮದುವೆಯಾದಾಗ ಇಷ್ಟು, ಉಪನಯನವಾದಾಗ ಇಷ್ಟು, ಚೌಲವಾದಾಗ ಇಷ್ಟು ಎಂದು ಶಾಲೆಗೆ ಹಣ ಸಲ್ಲಿಸಬೇಕು, ಊರಿನಲ್ಲಿ ಯಾರಾದರೂ ಸಂತರ್ಪಣೆ ಮಾಡಿದರೆ ಶಾಲೆಯವರಿಗೂ ಕೈಲಾದಷ್ಟು ಉಣಬಡಿಸಬೇಕು.

ಅದು ವೇದಶಾಸ್ತ್ರಗಳ ಶಾಲೆ. ಊರಿನ ಎಲ್ಲ ಜಾತಿಯ ಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಆದರೂ ಒಂದು ಹಳ್ಳಿಯು ತನ್ನ ಮನೆಗಳ ಶುಭಕಾರ್ಯಗಳಿಂದ ಹಣ ತೆಗೆದು ವಿದ್ಯಾಶಾಲೆಯನ್ನು ಸಾಕಿದ ದಾಖಲೆ ಕಲ್ಲಿನ ಮೇಲೆ ಉಳಿದಿದೆ. ‘ಶಾಲೆ’ ಮತ್ತು ‘ಪಾವಿಟ್ಟಗೆ’ ಎಂಬೆರಡು ಮಾತುಗಳು ಕೂಡಿ ಸವೆದು ‘ಸಾಲೋಟಗಿ’ಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಶಾಲೆಯ ಕಟ್ಟಡ ಉಳಿಯಲಿಲ್ಲ, ಆ ಮನೆಗಳು ಉಳಿಯಲಿಲ್ಲ. ಊರಿನ ಹೆಸರಿನಲ್ಲಿ ಶಾಲೆ ಉಳಿದುಕೊಂಡಿತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಮಗಳ ಮದುವೆಯ ಹೊತ್ತಿಗೆ ಶಾಲೆಗೊಂದು ಗಡಿಯಾರವನ್ನೋ ನೀರಿನ ಪಾತ್ರೆಯನ್ನೋ ಕೊಡುವ ಪದ್ಧತಿಗೆ ಎಷ್ಟು ಹಿಂದಿನ ಬೇರಿದೆ ನೋಡಿರಿ.

ಸಾಲೋಟಗಿಯಿಂದ ಉತ್ತರಕ್ಕೆ ಭೀಮೆಯನ್ನು ದಾಟಿದರೆ ದಕ್ಷಿಣ ಸೊಲ್ಲಾಪುರ ತಾಲೂಕು. ಅಲ್ಲಿ ಭೀಮಾ ಮತ್ತು ಸೀನಾ ನದಿಗಳು ಕೂಡುವಲ್ಲಿ ಹತ್ತರಸಂಗ ಕೂಡಲ ಎಂಬ ಊರಿದೆ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಬೇರೆ. ಅದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿದೆ. ಹೆಸರಿನ ಸಾಮ್ಯದಿಂದ ಗೊಂದಲಪಡುವವರು ಅನೇಕರಿರುವುದರಿಂದ ಈ ಮಾತನ್ನು ಹೇಳಬೇಕಾಯಿತು. ಭೀಮಾತೀರದ ಕೂಡಲದಲ್ಲಿ ಸಂಗಮೇಶ್ವರ ಮತ್ತು ಹರಿಹರೇಶ್ವರ ಎಂಬ ಎರಡು ಚಾಲುಕ್ಯ ಕಾಲದ ದೇಗುಲಗಳಿವೆ. ಹರಿಹರೇಶ್ವರ ಗುಡಿಯ ಮಣ್ಣನ್ನು ತೆಗೆಯುವಾಗ ದೊರೆತ ಬಹುಮುಖಿ ಲಿಂಗವು ಇಂದು ಆ ಊರಿಗೆ ಹೆಸರು ತಂದಿದೆ. ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಕೆತ್ತಿದ ಶಿವಮುಖಗಳನ್ನು ಎಣಿಸಿದವರು 359 ಎಂದಿದ್ದಾರೆ. ದೂರದಿಂದ ಅದು ಬರಿಯ ಲಿಂಗ. ಸಮೀಪಿಸಿದಂತೆ ಒಂದೊಂದೇ ಮುಖ ಕಣ್ಣುತೆರೆಯುತ್ತದೆ.

ಆದರೆ ನನ್ನ ಮಟ್ಟಿಗೆ ಕೂಡಲದ ದೊಡ್ಡ ಸಂಪತ್ತು ಸಂಗಮೇಶ್ವರ ಗುಡಿಯಲ್ಲಿರುವ ಒಂದು ಚಿಕ್ಕ ಬರಹ. ಅದು ಶಕ ವರ್ಷ 940ರದು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ; ಹಾಗಾಗಿ ಅದು 1018. ಮರಾಠಿ ಭಾಷೆಯ ಅತ್ಯಂತ ಹಳೆಯ ಶಾಸನಗಳಲ್ಲಿ ಅದೊಂದು. ಇದನ್ನು ಓದುವವನಿಗೆ ಜಯವಾಗಲಿ ಎಂಬ ಹಾರೈಕೆಯೊಂದಿಗೆ ಅದು ಮುಗಿಯುತ್ತದೆ. ದಾನವನ್ನು ಕೆಡಿಸಿದವನಿಗೆ ನರಕವೆಂದು ಶಪಿಸುವ ಶಾಸನಗಳು ನೂರಾರಿವೆ. ಓದುವವನನ್ನು ಹರಸುವಂಥವು ಅಪರೂಪ. ಕನ್ನಡ ಅರಸರ ಆಳ್ವಿಕೆಯಲ್ಲಿ, ಕನ್ನಡದ ಹೆಸರುಳ್ಳ ಊರಿನಲ್ಲಿ ಮರಾಠಿಯ ಮೊದಲ ಬರಹಗಳಲ್ಲೊಂದು ಮೂಡಿದೆ. ಇತ್ತ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ ಮತ್ತು ತಮಿಳಿನ ಜೊತೆಗೆ ಹಳೆಯ ಮರಾಠಿಯ ಸಾಲುಗಳಿವೆ (ಅವು ಕೊಂಕಣಿ ಎನ್ನುವವರೂ ಉಂಟು). ಎರಡು ಭಾಷೆಗಳು ಒಂದರ ಅಂಗಳದಲ್ಲಿ ಇನ್ನೊಂದು ಬೆಳೆದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಜಿಲ್ಲೆಯ ಶಾಸನಗಳ ಮಾತು ಬಂದಾಗ ಸೊಲ್ಲಾಪುರದ ಆನಂದ ಕುಂಭಾರರನ್ನು ಸ್ಮರಿಸದೆ ಮುಂದೆ ಹೋಗಲಾಗದು. ವಿದ್ಯುತ್ ಮಂಡಳಿಯ ನೌಕರಿಯಲ್ಲಿದ್ದ ಅವರು ಬಿಡುವಿನ ವೇಳೆಯಲ್ಲಿ ಹಳ್ಳಿಹಳ್ಳಿ ಸುತ್ತಿ ಶಾಸನಗಳನ್ನು ಹುಡುಕಿದರು. ಅವುಗಳಲ್ಲಿ ಬಹುಭಾಗ ಕನ್ನಡದವೇ ಆಗಿದ್ದರಿಂದ ಧಾರವಾಡದ ಶಾಸನತಜ್ಞ ಡಾ. ಶ್ರೀನಿವಾಸ ರಿತ್ತಿಯವರೊಡನೆ ಕೂಡಿ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನೇ ಹೊರತಂದರು. ಕುಂಭಾರರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ, ಸರಕಾರದ ಪುರಾತತ್ತ್ವ ಅಧಿಕಾರಿಯಲ್ಲ. ಆಸಕ್ತಿಯೊಂದೇ ಅವರ ಬಂಡವಾಳ.

ಸೊಲ್ಲಾಪುರ ನಗರವು ಶರಣ ಸಿದ್ಧರಾಮರ ಸೊನ್ನಲಿಗೆ. ಕೆರೆಯ ನಡುವಿನ ಸಿದ್ಧೇಶ್ವರ ಗುಡಿಯನ್ನು ನೋಡದವರು ನಮ್ಮಲ್ಲಿ ಕಡಿಮೆ. ಸಿದ್ಧರಾಮರು ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳನ್ನು ಹೊತ್ತು ಆ ಲಿಂಗಗಳ ಪ್ರದಕ್ಷಿಣೆ ಮಾಡುವುದು ಇಂದಿಗೂ ನಡೆದಿದೆ. ಕೆರೆ ಕಟ್ಟಿಸುವುದನ್ನೇ ಧರ್ಮವೆಂದು ತಿಳಿದ ಶರಣರ ಊರನ್ನು ನೋಡುವಾಗ ಗುಡಿಯಷ್ಟೇ ಗಮನದಿಂದ ಕೆರೆಯನ್ನೂ ನೋಡಬೇಕು.

ಮಂಗಳವೇಢೆಯಲ್ಲಿ ಹೊರಗಣ್ಣಿಗೆ ಕಾಣುವುದು ಸ್ವಲ್ಪ, ನೆನೆಯಬೇಕಾದದ್ದು ಬಹಳ. ಕಳಚೂರಿ ಬಿಜ್ಜಳನು ಕಲ್ಯಾಣದ ಸಿಂಹಾಸನವೇರುವ ಮೊದಲು ಇದ್ದದ್ದು ಇಲ್ಲಿ. ಬಸವಣ್ಣನವರು ಕರಣಿಕರಾಗಿ ಅವನ ಸೇವೆಗೆ ಸೇರಿದ್ದೂ ಇಲ್ಲಿಯೇ ಎಂದು ಪರಂಪರೆ. ಬರಗಾಲದಲ್ಲಿ ಸುಲ್ತಾನನ ಕಣಜವನ್ನು ತೆರೆದು ಹಸಿದವರಿಗೆ ಹಂಚಿದ ದಾಮಾಜಿ, ಗೋಡೆ ಕಟ್ಟುವಾಗ ಅದು ಕುಸಿದು ಪ್ರಾಣಬಿಟ್ಟ ಸಂತ ಚೋಖಾಮೇಳ, ಪಂಢರಿಯ ಬಾಗಿಲಲ್ಲಿ ದೇಹವಿಟ್ಟ ಕಾನ್ಹೋಪಾತ್ರಾ ಇವರೆಲ್ಲ ಈ ಊರಿನವರು. ಮಂಗಳವೇಢೆಯ ಜೋಳ ಎಂದೊಡನೆ ಬಾಯಲ್ಲಿ ನೀರೂರುವುದೂ ನಿಜ. ಅದನ್ನು ಬೇರೆ ಲೇಖನಕ್ಕೆ ಬಿಡೋಣ.

ಪಂಢರಪುರಕ್ಕೆ ಆಷಾಢ, ಕಾರ್ತಿಕ ಏಕಾದಶಿಗಳಲ್ಲಿ ಹೋದವರಿಗೆ ಗುಡಿಯನ್ನು ನೋಡಲು ಸಮಯವೂ ಸಿಗದು, ಸ್ಥಳವೂ ಸಿಗದು. ಬೇರೆ ದಿನ ಹೋಗಿ ಹದಿನಾರು ಕಂಬದ ಮಂಟಪದಲ್ಲಿ ತಲೆಯೆತ್ತಿ ನೋಡಬೇಕು. ಅಲ್ಲಿನ ಒಂದು ತೊಲೆಯ ಮೇಲೆ 1237ರ ಶಾಸನವಿದೆ. ಹೊಯ್ಸಳ ದೊರೆ ಸೋಮೇಶ್ವರನು ವಿಠ್ಠಲನ ಸೇವೆಗೆ ದಾನ ಬಿಟ್ಟುದನ್ನು ಅದು ಸಂಸ್ಕೃತ ಮತ್ತು ಕನ್ನಡದಲ್ಲಿ ದಾಖಲಿಸಿದೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕಾನಡಿಗನೆಂದೇ ಕರೆಯುತ್ತದೆ; ಪುರಂದರದಾಸರು ಮೊದಲಾದ ನಮ್ಮ ಹರಿದಾಸರ ಅಂಕಿತಗಳಲ್ಲಿ ವಿಠಲನಿಲ್ಲದ ಹಾಡು ವಿರಳ. ಮರಾಠಿ ಸಂಶೋಧಕ ರಾ. ಚಿಂ. ಢೇರೆಯವರು ವಿಠ್ಠಲನನ್ನು ಕುರಿತ ತಮ್ಮ ಬೃಹದ್ಗ್ರಂಥದಲ್ಲಿ ಈ ಕರ್ನಾಟಕ ಸಂಬಂಧವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ.

ಪಂಢರಪುರದ ಗುಡಿಯಲ್ಲಿ 2024ರಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಕಾಲಕಾಲಕ್ಕೆ ಭಕ್ತರು ಸೇವೆಯೆಂದು ಗರ್ಭಗುಡಿಗೂ ಮಂಟಪಗಳಿಗೂ ಹಾಕಿಸಿದ್ದ ಗ್ರಾನೈಟ್ ಹಾಸುಗಳನ್ನೂ ಬಣ್ಣಗಳನ್ನೂ ಪುರಾತತ್ತ್ವ ಇಲಾಖೆಯ ಮಾರ್ಗದರ್ಶನದಲ್ಲಿ ತೆಗೆದು ಮೂಲದ ಕಪ್ಪುಕಲ್ಲನ್ನು ಕಾಣುವಂತೆ ಮಾಡಿದರು. ಅದಕ್ಕಾಗಿ ಕೆಲವು ತಿಂಗಳು ಪಾದಸ್ಪರ್ಶದ ದರ್ಶನವನ್ನೇ ನಿಲ್ಲಿಸಲಾಗಿತ್ತು. ಆ ಕೆಲಸದ ನಡುವೆ ನೆಲದ ಹಾಸುಗಲ್ಲಿನ ಕೆಳಗೆ ಒಂದು ನೆಲಮಾಳಿಗೆ ಕಂಡು, ಅದರಲ್ಲಿ ಹಳೆಯ ಮೂರ್ತಿಗಳು ದೊರೆತವು. ಅಷ್ಟು ದೊಡ್ಡ ಕ್ಷೇತ್ರವೇ ಹೊಸ ಹಾಸನ್ನು ಕಿತ್ತು ಹಳೆಯ ಕಲ್ಲಿಗೆ ಮರಳಿದ ಹೊತ್ತಿನಲ್ಲಿ, ನಮ್ಮ ಹಳ್ಳಿಗಳಲ್ಲಿ ನಡೆದಿರುವುದು ಇದಕ್ಕೆ ವಿರುದ್ಧ. ವರ್ಗಣಿ ಎತ್ತಿ ಜೀರ್ಣೋದ್ಧಾರವೆಂದು ಹೊರಟವರು ಮೊದಲು ಮಾಡುವ ಕೆಲಸವೆಂದರೆ ಕಂಬಗಳಿಗೆ ಎಣ್ಣೆಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸ್. ಭಕ್ತಿಯಲ್ಲಿ ದೋಷವಿಲ್ಲ. ಆದರೆ ಬಣ್ಣದ ನಾಲ್ಕು ಪದರು ಬಿದ್ದ ಮೇಲೆ ಕಂಬದ ಅಕ್ಷರಗಳು ತುಂಬಿಹೋಗುತ್ತವೆ. ಟೈಲ್ಸ್‌ಗಾಗಿ ಕಿತ್ತ ಹಾಸುಗಲ್ಲು ಬಾವಿಯ ಬಳಿ ಅರಿವೆ ಒಗೆಯುವ ಕಲ್ಲಾಗುತ್ತದೆ. ಒಮ್ಮೆ ಸವೆದ ಅಕ್ಷರವನ್ನು ಯಾವ ವಿದ್ವಾಂಸನೂ ತಿರುಗಿ ತರಲಾರ.

ಕೆಲವರು ಕೇಳಬಹುದು: ಹಳೆಯದು ಹಾಗೆಯೇ ಇರಬೇಕೇಕೆ, ಹೊಸದಾಗಿ ಕಟ್ಟಿದರೆ ದೇವರು ಬೇಡವೆನ್ನುವನೆ? ಜಪಾನಿನ ಇಸೆ ಎಂಬಲ್ಲಿನ ಮಹಾಮಂದಿರವನ್ನು 20 ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಆದದ್ದು 62ನೆಯ ಸಲ, ಮುಂದಿನದು 2033ಕ್ಕೆ. ಆದರೆ ಅದು ಮರದ ಗುಡಿ. ಪಕ್ಕದ ನಿವೇಶನದಲ್ಲಿ ಅದೇ ಅಳತೆ, ಅದೇ ಜಾತಿಯ ಮರ, ಅದೇ ಕೀಲುಜೋಡಣೆಯಿಂದ ಹೊಸದನ್ನು ಎಬ್ಬಿಸುತ್ತಾರೆ. ಮುದಿ ಬಡಗಿಯ ಕೈವಿದ್ಯೆ ತರುಣ ಬಡಗಿಗೆ ಇಳಿಯುವುದೇ ಅದರ ಫಲ. ಅದೇ ದೇಶದ ನಾರಾ ಪ್ರಾಂತದ ಹೋರ್ಯುಜಿ ವಿಹಾರದಲ್ಲಿ ಸುಮಾರು 1300 ವರ್ಷಗಳ ಮರದ ಕಟ್ಟಡಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಾರೆ. ಯಾವುದನ್ನು ಹೊಸದು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಅವರಿಗಿದೆ. ನಮ್ಮದು ಕಲ್ಲಿನ ಗುಡಿ. ಅದನ್ನು ಕಡೆದ ಕೈವಿದ್ಯೆ ನಮ್ಮ ಊರುಗಳಲ್ಲಿ ಉಳಿದಿಲ್ಲ. ಕೆಡವಿದರೆ ಸಿಮೆಂಟಿನ ಗುಡಿ ಎದ್ದೀತೇ ಹೊರತು ಅದೇ ಗುಡಿ ಏಳದು.

ಈಗ ಗುಡಿಯೊಂದನ್ನು ನೋಡುವ ಬಗೆಯನ್ನು ಹೇಳುತ್ತೇನೆ. ಹೊರಗಿನಿಂದ ಒಳಕ್ಕೆ ಬರುವಾಗ ಮುಖಮಂಟಪ, ನವರಂಗ, ಅಂತರಾಳ, ಗರ್ಭಗೃಹ ಎಂದು ಅನುಕ್ರಮ. ಮುಂದಕ್ಕೆ ಹೋದಂತೆ ಬೆಳಕು ಕಡಿಮೆಯಾಗುವಂತೆ ಕಟ್ಟಿರುತ್ತಾರೆ. ಬಾಗಿಲುವಾಡದ ಮೇಲಿನ ಅಡ್ಡಪಟ್ಟಿಯ ನಡುವೆ ಏನಿದೆಯೆಂದು ಮೊದಲು ನೋಡಬೇಕು. ಆನೆಗಳು ನೀರೆರೆಯುವ ಗಜಲಕ್ಷ್ಮಿ ಸಾಮಾನ್ಯ. ಪದ್ಮಾಸನದಲ್ಲಿ ಕುಳಿತ ಜಿನಬಿಂಬವಿದ್ದರೆ, ಒಳಗೆ ಇಂದು ಲಿಂಗವೇ ಇರಲಿ, ಆ ಗುಡಿಯಾಗಲಿ ಆ ಬಾಗಿಲಾಗಲಿ ಒಂದು ಕಾಲಕ್ಕೆ ಬಸದಿಯದು. ಕೈಯಲ್ಲಿ ದಂಡ ಹಿಡಿದ ಲಕುಲೀಶನಿದ್ದರೆ ಅಲ್ಲಿ ಪಾಶುಪತ ಅಥವಾ ಕಾಳಾಮುಖ ಮುನಿಗಳಿದ್ದರೆಂದು ಊಹಿಸಬಹುದು. ಏಳು ಮಂದಿ ಹೆಣ್ಣುದೇವತೆಗಳು ಸಾಲಾಗಿ ಕುಳಿತ ಹಲಗೆಗಲ್ಲು ಸಪ್ತಮಾತೃಕೆಯರದು; ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಕುಂಕುಮ ಮೆತ್ತಿ ಬೇರೆ ಬೇರೆ ಹೆಸರಿನಿಂದ ಪೂಜಿಸುತ್ತಾರೆ.

ಊರ ಅಗಸೆಯಲ್ಲಿ, ಹನುಮಪ್ಪನ ಗುಡಿಯ ಹಿಂದೆ ನಿಲ್ಲಿಸಿದ ಕಲ್ಲುಗಳಲ್ಲಿ ಬಹಳಷ್ಟು ವೀರಗಲ್ಲುಗಳು. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಹಸುಗಳ ಚಿತ್ರವಿದ್ದರೆ ತುರುಗಳನ್ನು ಬಿಡಿಸಲು ಹೋರಾಡಿ ಸತ್ತವನೆಂದು ಅರ್ಥ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತಿರುತ್ತಾನೆ, ತುದಿಯಲ್ಲಿ ಸೂರ್ಯಚಂದ್ರರು. ಬಳೆ ತೊಟ್ಟ ಕೈಯೊಂದು ಮೇಲೆದ್ದು ನಿಂತ ಕಲ್ಲು ಸತಿಯದು.

ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಆಕಳು ಕರು, ಕತ್ತಿ ಇವುಗಳ ಚಿತ್ರವಿರುತ್ತದೆ. ಸೂರ್ಯಚಂದ್ರರಿರುವ ತನಕ ದಾನ ನಡೆಯಲಿ ಎಂಬುದು ಆ ಚಿತ್ರದ ಭಾವ. ಬರಹವು ಶಿವಸ್ತುತಿಯಿಂದ ತೊಡಗಿ ಅರಸನ ಬಿರುದುಗಳಿಗೆ ಬರುತ್ತದೆ. ಬಳಿಕ ಅವನ ಕೆಳಗಿನ ಅಧಿಕಾರಿ, ನಾಡು, ಊರು. ಆಮೇಲೆ ಸಂವತ್ಸರ, ಮಾಸ, ತಿಥಿ, ವಾರ. ಗ್ರಹಣ ಅಥವಾ ಸಂಕ್ರಮಣದ ದಿನವೇ ಹೆಚ್ಚಿನ ದಾನಗಳು. ಶಕ ವರ್ಷಕ್ಕೆ ಬದಲು ಚಾಲುಕ್ಯ ವಿಕ್ರಮ ವರ್ಷವೆಂದಿದ್ದರೆ ಅದು 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಎಣಿಕೆ. ಆ ಅಂಕಿಗೆ 1075 ಕೂಡಿಸಬೇಕು. ಕೊನೆಗೆ ದಾನದ ವಿವರ: ಇಷ್ಟು ಮತ್ತರು ಎರೆಭೂಮಿ, ಒಂದು ಗಾಣದ ಎಣ್ಣೆ, ಇಷ್ಟು ಗದ್ಯಾಣ. ಹಳ್ಳ, ಹುಣಿಸೆಮರ, ಹುತ್ತ, ದಾರಿ ಎಂದು ಹೊಲದ ಎಲ್ಲೆಗಳನ್ನು ಹೇಳುವ ಭಾಗವೇ ನನಗೆ ಅತ್ಯಂತ ಪ್ರಿಯ. ಅದರಲ್ಲಿ ಅರಸರಿಲ್ಲ, ನಮ್ಮ ಊರು ಇದೆ. ಅಂದಿನ ಅಕ್ಷರ ಇಂದಿನದಕ್ಕಿಂತ ಬೇರೆಯಾಗಿ ಕಂಡರೂ ಗ, ನ, ರ, ಯ ಮೊದಲಾದ ಕೆಲವನ್ನು ಕನ್ನಡ ಶಾಲೆಯ ಹುಡುಗನು ಮೊದಲ ದಿನವೇ ಗುರುತಿಸಬಲ್ಲನು. ಈ ತಾಲೂಕಿನಲ್ಲಿ ಈ ಕಲ್ಲುಗಳ ಮುಂದೆ ನಿಂತು ಅಷ್ಟನ್ನಾದರೂ ಗುರುತಿಸಬಲ್ಲವರು ಕನ್ನಡ ಶಾಲೆಗಳಿಂದಲೇ ಬರಬೇಕು. ನಮ್ಮ ಮಕ್ಕಳು ಕನ್ನಡ ಲಿಪಿಯನ್ನು ಬಿಟ್ಟ ದಿನ ಇವು ಯಾರಿಗೂ ಬೇಡವಾದ ಕಲ್ಲುಗಳಾಗುತ್ತವೆ.

ವಿಜಯಪುರವನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಸಂತೆಗೂ ಆಸ್ಪತ್ರೆಗೂ ಹೋಗಿಬರುವ ಊರು. ಮುಹಮ್ಮದ ಆದಿಲಶಹನ (ಮರಣ 1656) ಗೋಲಗುಮ್ಮಟದ ಹೊರವ್ಯಾಸ 144 ಅಡಿ. ಪಿಸುಮಾತು ಗ್ಯಾಲರಿಯಲ್ಲಿ ಕೂಗದೆ ಪಿಸುಗುಟ್ಟಿದರೇನೇ ಅದರ ಸೊಗಸು ತಿಳಿಯುವುದು, ಆದರೆ ಆ ಮಾತನ್ನು ಯಾರು ಕೇಳುತ್ತಾರೆ! ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರಗಳಾಗಿ ಕೊರೆದು ಬೆಳಕು ಬಿಟ್ಟಿರುವುದನ್ನು ಅವಶ್ಯವಾಗಿ ನೋಡಬೇಕು. ಅಲ್ಲಿ ಮಲಗಿದ ಎರಡನೆಯ ಇಬ್ರಾಹಿಂ (ಮರಣ 1627) ಸಂಗೀತವನ್ನು ಕುರಿತು ‘ಕಿತಾಬೆ ನವರಸ’ವನ್ನು ಬರೆದವನು, ಸರಸ್ವತಿಯನ್ನು ಸ್ತುತಿಸಿದವನು. ಅದೇ ಊರಿನ ಕೋಟೆಯೊಳಗೆ 1320ರ ಕರೀಮುದ್ದೀನ ಮಸೀದಿಯಿದ್ದು, ಅದರ ಕಂಬಗಳು ಚಾಲುಕ್ಯ ಶೈಲಿಯವು.

ಪಶ್ಚಿಮಕ್ಕೆ ಹೋಗುವವರು ಶಿರೋಳ ತಾಲೂಕಿನ ಖಿದ್ರಾಪುರವನ್ನು ಬಿಡಬಾರದು. ಕೃಷ್ಣಾತೀರದ ಕೋಪೇಶ್ವರ ದೇಗುಲವು ಶಿಲಾಹಾರರ ಕಾಲದ್ದು. ಸೇವುಣ ಸಿಂಘಣನ ಶಾಸನವೂ ಅಲ್ಲಿದೆ. ಮುಂದಿನ ಸ್ವರ್ಗಮಂಟಪದಲ್ಲಿ 48 ಕಂಬಗಳು ವೃತ್ತಗಳಾಗಿ ನಿಂತಿದ್ದು, ನೆತ್ತಿಯ ದುಂಡು ಬಯಲಿನಿಂದ ಆಕಾಶವೇ ಒಳಗಿಳಿಯುತ್ತದೆ. ಶಿವಾಲಯವಾದರೂ ಇಲ್ಲಿ ನಂದಿಯಿಲ್ಲ. ನಂದಿ ಇರುವುದು ಚಿಕ್ಕೋಡಿ ಸೀಮೆಯ ಯಡೂರಿನಲ್ಲಿ ಎಂದು ಜನರು ಹೇಳುತ್ತಾರೆ. ಒಡೆಯ ಮಹಾರಾಷ್ಟ್ರದಲ್ಲಿ, ಬಸವಣ್ಣ ಕರ್ನಾಟಕದಲ್ಲಿ!

ಹತ್ತಿರದ ಈಚಿನ ಸ್ಥಳಗಳಲ್ಲಿ ಉಮದಿ, ಇಂಚಗೇರಿ, ನಿಂಬಾಳಗಳು ಒಂದೇ ಸೂತ್ರದ ಮಣಿಗಳು. ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾಗಿ, 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟರು. ಕನ್ನಡ, ಮರಾಠಿ, ಹಿಂದಿ ಸಂತರ ವಾಣಿಯನ್ನು ಸಮನಾಗಿ ಓದಿ ಬರೆದವರು. ಅದೇ ದಾರಿಯಲ್ಲಿ ಮಧುರಚೆನ್ನರ (1903–1953) ಹಲಸಂಗಿ. ನಮ್ಮ ತಾಯಂದಿರು ಬೀಸುಕಲ್ಲಿನ ಮುಂದೆ ಹಾಡಿದ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾದದ್ದು ಹಲಸಂಗಿಯ ಗೆಳೆಯರಿಂದ.

ಈ ಸಂಚಾರಕ್ಕೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಒಳ್ಳೆಯದು. ಶಾಸನವನ್ನು ನೋಡುವುದಾದರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನೋಡಬೇಕು. ನಡುಮಧ್ಯಾಹ್ನ ಅಕ್ಷರದ ನೆರಳು ಬೀಳದೆ ಕಲ್ಲು ಬೋಳಾಗಿ ಕಾಣುತ್ತದೆ. ಒಳಗೆ ಕತ್ತಲಿದ್ದರೆ ದೀಪವನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರೆ ಧಾರವಾಡದಲ್ಲಿ ಕುಳಿತವರೂ ಓದಬಲ್ಲರು. ಅಕ್ಷರ ಸ್ಪಷ್ಟವಾಗಲೆಂದು ಸುಣ್ಣ, ಖಡು ಅಥವಾ ಎಣ್ಣೆ ಹಚ್ಚಬಾರದು, ಮೊಳೆಯಿಂದ ಕೆದರಬಾರದು. ಮೆತ್ತಗಿನ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ತಜ್ಞರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಮಸಿಯ ಉಂಡೆ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದನ್ನು ಅವರಿಗೇ ಬಿಡಬೇಕು. ಹೊಲದಲ್ಲಿ ಹೊಸದಾಗಿ ಕಲ್ಲು ಸಿಕ್ಕರೆ ಅದನ್ನು ಕೀಳಿಸುವ ಮೊದಲು ಯಾವ ಹೊಲ, ಯಾವ ದಿಕ್ಕಿಗೆ ಮುಖ, ಜೊತೆಗೆ ಏನಿತ್ತು ಎಂಬುದನ್ನು ಬರೆದಿಟ್ಟು ತಹಶೀಲದಾರ ಕಚೇರಿಗೂ ಶಾಲೆಯ ಗುರುಗಳಿಗೂ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಲು ಕೇಂದ್ರ ಸರಕಾರದ ಕಾನೂನು ಬಿಡುವುದಿಲ್ಲ. ಆದರೆ ನಮ್ಮ ಅಗಸೆಯ ವೀರಗಲ್ಲು ಯಾವ ಪಟ್ಟಿಯಲ್ಲಿಯೂ ಇಲ್ಲ. ರಸ್ತೆ ಅಗಲ ಮಾಡುವ ದಿನ ಅದು ಎಲ್ಲಿ ಹೋಗಬೇಕೆಂಬುದನ್ನು ಊರವರೇ ಮೊದಲು ಕುಳಿತು ನಿಶ್ಚಯಿಸಿಡುವುದು ಲೇಸು.